ಕರಿ ಉಂಗುರ ಮತ್ತು ಐವತ್ತೆರಡು ಕಿಲೋ ಗೋವಿನಜೋಳ

ನಾನು ನಂಬದೇ ಇರುವ ವಸ್ತುಗಳಲ್ಲಿ ಮೊದಲನೆಯದು ನನ್ನ ನೆನಪು. ದೇವರು, ಜ್ಯೋತಿಷ್ಯ, ಬಸ್ಸಿನ ವೇಳಾಪಟ್ಟಿ ಇವೆಲ್ಲ ಆಮೇಲಿನವು. ಮನೆ ಬಿಟ್ಟು ಓಣಿ ದಾಟುವಷ್ಟರಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಬಂದ್ ಆಗಿರುತ್ತದೆ. ಮತ್ತೆ ಓಣಿ ದಾಟಿದ ಮೇಲೆ, ಬಂದ್ ಆಗಿದ್ದನ್ನು ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಹೊಸ ಸಂಶಯ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದ್ದರ ಫಲ ಇದು. ಶಿಗ್ಗಾಂವಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇದೇ ಕಾಯಿಲೆಯನ್ನು ಹುಡುಗರಿಗೆ ಹಂಚುತ್ತಿದ್ದೇನೆ. ‘ಕಣ್ಣಾರೆ ಕಂಡೆ ಅನ್ನಬೇಡಿ, ಕಂಡೆ ಅಂತ ಈಗ ಅನ್ನಿಸುತ್ತಿದೆ ಅನ್ನಿ’ ಎಂದು ಹೇಳಿಕೊಡುತ್ತೇನೆ. ಹಾಜರಿ ಕೂಗಿದಾಗ ಒಬ್ಬ ಹುಡುಗ ‘ಬಂದೇನಿ ಅಂತ ಅನಸಾಕತ್ತೈತಿ ಸರ’ ಅಂದ ದಿನ ನನ್ನ ಪಾಠ ಮುಟ್ಟಿದೆ ಎಂದು ತಿಳಿಯಿತು. ಮನೆಯಲ್ಲಿ ಈ ಕತೆ ಹೇಳಿದರೆ ನನ್ನ ಹೆಂಡತಿ ಗಿರಿಜಾ, ‘ನಿಮಗ ಸಂಶಯ ಇಲ್ಲದ್ದು ಒಂದ ಐತಿ ನೋಡ್ರಿ, ಊಟದ ಟೈಮು’ ಅಂದಿದ್ದಳು.

ಗಿರಿಜಾ ಅದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಕುರ್ಚಿ ನಿಜವಾಗಿ ಇದೆಯೇ ಎಂದು ಕೇಳುತ್ತಿದ್ದಾಗ ಅವಳು ಮೈದಾನದಲ್ಲಿ ಸೀಟಿ ಊದುತ್ತ ಓಡುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಅವಳ ಗೇರ್ ಸೈಕಲ್ಲು ಪಡಸಾಲೆಯ ಮೂಲೆಯಲ್ಲಿ ಹಾಗೇ ನಿಂತಿತ್ತು. ಗುಡ್ಡ ಹತ್ತಿ ಇಳಿಯಲು ಮಾಡಿದ ಜಾತಿಯದು. ದಪ್ಪ ಟೈರು, ಮುಂದಿನ ಗಾಲಿಯ ಎರಡೂ ಕಡೆ ಮೋಟಾರ್ ಸೈಕಲ್ಲಿಗೆ ಇರುವಂಥ, ಒಳಗೆ ಸ್ಪ್ರಿಂಗು ಮತ್ತು ಎಣ್ಣೆ ಇರುವ ಫೋರ್ಕು. ಆ ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ತೆಳು ಕರಿ ರಬ್ಬರ್ ಉಂಗುರ ಹಾಕಿರುತ್ತಾರೆ. ಗುಂಡಿಗೆ ಬಿದ್ದಾಗ ಫೋರ್ಕು ಕೆಳಗಿಳಿದು ಉಂಗುರವನ್ನು ಮೇಲೆ ನೂಕುತ್ತದೆ. ಫೋರ್ಕು ಮತ್ತೆ ಏಳುತ್ತದೆ, ಉಂಗುರ ಮಾತ್ರ ನೂಕಿದಲ್ಲೇ ಉಳಿಯುತ್ತದೆ. ಆ ದಿನದ ದಾರಿಯ ಅತಿ ದೊಡ್ಡ ಗುಂಡಿ ಎಷ್ಟು ದೊಡ್ಡದಿತ್ತು ಎಂದು ಅದನ್ನು ನೋಡಿ ಹೇಳಬಹುದು. ‘ಇದು ನಿಮ್ಮಂಗಲ್ಲ, ಕಂಡದ್ದನ್ನ ಕಂಡಂಗ ಹೇಳ್ತೈತಿ’ ಎಂದು ಗಿರಿಜಾ ಅದನ್ನು ಪರಿಚಯಿಸಿದ್ದಳು.

ಅವಳು ಕೊನೆಯ ಸಲ ಆ ಸೈಕಲ್ ಹೊಡೆದದ್ದು ಹಾನಗಲ್ಲಿಗೆ, ಒಂದು ಭಾನುವಾರ. ‘ಬರ್ತೀರೇನು?’ ಅಂದಳು. ಉತ್ತರಪತ್ರಿಕೆ ತಿದ್ದುವುದಿತ್ತು. ಮಧ್ಯಾಹ್ನ ಕೆಂಪು ಮುಖ ಮಾಡಿಕೊಂಡು ಬಂದು, ಬೂಟು ಬಿಚ್ಚುತ್ತ, ದಾರಿಯ ಕತೆಯನ್ನೆಲ್ಲ ಹೇಳಿದಳು. ಎಲ್ಲೋ ಒಂದು ಕಡೆ ದೊಡ್ಡ ಗುಂಡಿಗೆ ಬಿದ್ದಳಂತೆ, ಯಾರೋ ಏನೋ ಅಂದರಂತೆ, ಅವಳು ಬಿದ್ದು ಬಿದ್ದು ನಕ್ಕಳಂತೆ. ನಾನು ಕೆಂಪು ಪೆನ್ನು ಆಡಿಸುತ್ತ ‘ಹ್ಞೂಂ, ಹ್ಞೂಂ’ ಅಂದೆ. ಯಾವ ಗುಂಡಿ, ಯಾರು, ಏನು ಅಂದರು, ಒಂದೂ ತಲೆಗೆ ಹೋಗಲಿಲ್ಲ. ಮುಂದಿನ ವಾರ ಜ್ವರ ಬಂತು, ಆಮೇಲೆ ದವಾಖಾನೆ, ಆಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆ. ಅಂದರೆ ಆ ದಿನದ ಸವಾರಿಗೆ ಉಳಿದ ಸಾಕ್ಷಿ ಆ ಉಂಗುರವೊಂದೇ. ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಅದನ್ನು ನೋಡುತ್ತಿದ್ದೆ. ಮುಟ್ಟುತ್ತಿರಲಿಲ್ಲ.

ಕಳೆದ ತಿಂಗಳು ಡಾಕ್ಟರು ನನ್ನ ಸಕ್ಕರೆಯ ಚೀಟಿ ನೋಡಿ, ನಡೆಯಿರಿ ಅಂದರು. ನಡೆದೆ. ಶಿಗ್ಗಾಂವಿಯಲ್ಲಿ ಬೆಳಿಗ್ಗೆ ನಡೆಯುವವನಿಗೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರೂ ‘ವಾಕಿಂಗೇನ್ರಿ ಸರ?’ ಎಂದು ಕೇಳುತ್ತಾರೆ. ಕಣ್ಣೆದುರೇ ನಡೆಯುತ್ತಿರುವವನನ್ನು ಕೇಳುವ ಆ ಪ್ರಶ್ನೆಗೆ ನನ್ನ ಶಿಸ್ತಿನ ಪ್ರಕಾರ ‘ಹಾಗೆ ಅನ್ನಿಸುತ್ತಿದೆ’ ಎಂದು ಉತ್ತರಿಸಿ ಸಾಕಾಯಿತು. ಸೈಕಲ್ಲಾದರೆ ನಿಲ್ಲಿಸಿ ಕೇಳುವುದಿಲ್ಲ ಎಂದುಕೊಂಡು ಗಿರಿಜಾಳ ಸೈಕಲ್ಲಿನ ಸೀಟಿಗೆ ಹೊದಿಸಿದ್ದ ಹಳೇ ಚಾದರ ತೆಗೆದೆ. ಫೋರ್ಕಿನ ಬುಡದಲ್ಲಿ ಎಣ್ಣೆ ಜಿನುಗಿತ್ತು. ಹೊರಡುವ ಮುಂಚೆ ಅವಳು ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ ನೋಡುತ್ತಿದ್ದುದು ನೆನಪಾಯಿತು. ನಾನೂ ಹತ್ತಿ ಕೂತು, ಬ್ರೇಕ್ ಹಿಡಿದು, ನನ್ನ ಎಂಬತ್ತನಾಲ್ಕು ಕಿಲೋ ಹಾಕಿ ಒತ್ತಿದೆ. ಫೋರ್ಕು ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಕೊನೆಯವರೆಗೂ ಕುಸಿಯಿತು. ಎದ್ದು ನೋಡಿದರೆ ಉಂಗುರ ಕೊಳವೆಯ ತುದಿಯಲ್ಲಿತ್ತು.

ಎರಡು ವರ್ಷ ಕಾದು ಇಟ್ಟದ್ದನ್ನು ಎರಡು ಸೆಕೆಂಡಿನಲ್ಲಿ ಅಳಿಸಿದೆ. ಹೋಗಲಿ, ಮೊದಲಿದ್ದ ಜಾಗಕ್ಕೆ ಇಳಿಸೋಣ ಎಂದು ಬೆರಳಿಟ್ಟೆ. ಎಲ್ಲಿತ್ತು? ಮೂರು ಬೆರಳಿನಷ್ಟು ಮೇಲೋ, ನಾಲ್ಕೋ? ಏಳುನೂರು ಬೆಳಿಗ್ಗೆ ನೋಡಿದ ವಸ್ತು. ದಿನಾ ನೋಡುವುದನ್ನು ಯಾರು ಅಳೆದಿಡುತ್ತಾರೆ? ಅರ್ಧ ಗಂಟೆ ಉಂಗುರವನ್ನು ಮೇಲೆ ಕೆಳಗೆ ಸರಿಸುತ್ತ ಕೂತೆ. ಎಲ್ಲಿಟ್ಟರೂ ಇಲ್ಲೇ ಇತ್ತು ಅನ್ನಿಸುತ್ತಿತ್ತು. ಆಗ ಸವಣೂರಿನ ಖಾಜಾಸಾಬರು ನೆನಪಾದರು.

ಖಾಜಾಸಾಬರು ಮೋಟಾರ್ ಸೈಕಲ್ಲಿನ ಮಿಸ್ತ್ರಿ. ಗಿರಿಜಾಳ ಸೈಕಲ್ಲಿನ ಫೋರ್ಕನ್ನು ಬಿಚ್ಚಲು ಧೈರ್ಯ ಮಾಡಿದ ಒಬ್ಬರೇ ಮನುಷ್ಯ. ಟಂಟಂ ರಿಕ್ಷಾ ಒಂದರ ಹಿಂದೆ ಸೈಕಲ್ ಕಟ್ಟಿಕೊಂಡು ಹೋದೆ. ಅವರು ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಎಣ್ಣೆ ಕೈಯನ್ನು ಚಿಂದಿಗೆ ಒರೆಸಿ ‘ಕುಂದರ್ರಿ ಸರ’ ಅಂದರು. ಅಷ್ಟರಲ್ಲೇ ಮಾತಾಡಬೇಕಾದ್ದೆಲ್ಲ ಮುಗಿಯಿತು. ಫೋರ್ಕು ಬಿಚ್ಚಿ ಒಳಗಿನ ಸ್ಪ್ರಿಂಗ್ ಎಳೆದು ತೋರಿಸಿದರು.

‘ಇದು ಮೇಡಮ್ಮಾರ ಸ್ಪ್ರಿಂಗ್ ಐತ್ರಿ. ನಿಮ್ಮದಲ್ಲ. ಕಂಪನೀದು ಬಿರುಸಿತ್ತು, ಕೈ ನೋಯ್ತಾವಂತ ಮೆತ್ತಂದು ಹಾಕಿಸಿದ್ರು. ನೀವು ಕುಂತ್ರ ಇದು ನೆಲಾನ ಕಚ್ಚತೈತಿ.’

‘ಗೊತ್ತು,’ ಎಂದೆ. ‘ಅವತ್ತು ನಾನೂ ಬಂದಿದ್ದೆನಲ್ಲ. ಇದೇ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಒಂದು ಆಡು ಬಂದು ಅವಳ ಕೈಚೀಲದಿಂದ ಗ್ಲೌಸ್ ಎಳೆದು ತಿಂದಿತ್ತು.’

ಮಿಸ್ತ್ರಿ ನಟ್ಟು ತಿರುಗಿಸುತ್ತಿದ್ದ ಪಾನಾ ನಿಲ್ಲಿಸಿದರು. ‘ಆಡು ಬಂದಿತ್ರಿ. ಗ್ಲೌಸು ತಿಂದಿದ್ದೂ ಖರೆ. ನೀವೆಲ್ಲಿ ಬಂದಿದ್ರಿ ಸರ?’

‘ಬಂದಿದ್ದೆ. ಕರಿ ಆಡು, ಒಂದು ಕಿವಿ ಹರಿದಿತ್ತು.’

‘ಕಿವಿ ಹರದದ್ದ ಆಡು ನಂದ ಐತ್ರಿ. ಆದರ ಮೇಡಮ್ಮಾರು ಒಬ್ಬರ ಬರ್ತಿದ್ರು. ಸಾಹೇಬ್ರು ಬರಲಿಲ್ಲೇನ್ರಿ ಅಂದ್ರ, ಅವರು ಮನ್ಯಾಗ ಕುಂತು ಸವಣೂರು ಐತೋ ಇಲ್ಲೋ ಅಂತ ವಿಚಾರ ಮಾಡಾಕತ್ತಾರ ಅಂತ ನಗ್ತಿದ್ರು.’

ಆ ಮಾತು ನನ್ನ ಹೆಂಡತಿಯದೇ. ಅದನ್ನು ಮಿಸ್ತ್ರಿ ಹುಟ್ಟಿಸಲಾರರು. ಹಾಗಾದರೆ ನನ್ನ ಆಡು ಎಲ್ಲಿಂದ ಬಂತು? ಗಿರಿಜಾ ಮನೆಗೆ ಬಂದು ಹೇಳಿದ್ದಳು. ಅವಳು ಹೇಳುವ ರೀತಿಯೇ ಹಾಗೆ, ಆಡಿನ ಬಾಯಿ ಅಲ್ಲಾಡುವುದನ್ನೂ ಮಾಡಿ ತೋರಿಸುತ್ತಿದ್ದಳು. ಆ ದಿನ ಕೆಂಪು ಪೆನ್ನು ಕೈಯಲ್ಲಿರಲಿಲ್ಲ ಅಂತ ಕಾಣುತ್ತದೆ. ಕೇಳಿದೆ, ಕೇಳಿ ಕೇಳಿ ಆ ಬೆಂಚಿನ ಮೇಲೆ ನಾನೇ ಹೋಗಿ ಕೂತುಬಿಟ್ಟೆ. ಹಾನಗಲ್ಲಿನ ಕತೆಯನ್ನೂ ಹಾಗೆ ಕೇಳಿದ್ದರೆ ಇವತ್ತು ಆ ಗುಂಡಿಯಲ್ಲೂ ನಾನು ಬಿದ್ದಿರುತ್ತಿದ್ದೆ.

ಉಂಗುರದ ಸಂಗತಿ ಹೇಳಿದೆ. ಖಾಜಾಸಾಬರು ನಗಲಿಲ್ಲ. ‘ಸ್ಪ್ರಿಂಗ್ ಬದಲಿ ಮಾಡಿದ ಮ್ಯಾಲೆ ಗೊತ್ತಾಗೂದಿಲ್ಲ. ಈಗ ಈ ಮೆತ್ತಂದರ ಮ್ಯಾಲ ಅವರಷ್ಟ ಭಾರ ಹೇರಿ ನೋಡಬೇಕು. ಮೇಡಮ್ಮಾರ ತೂಕ ಎಷ್ಟಿತ್ರಿ?’

‘ಐವತ್ತೆಂಟು,’ ಅಂದೆ. ಅಂದ ಕೂಡಲೇ ಸಂಶಯ ಬಂತು. ಹಿರೇಕೆರೂರಿನಲ್ಲಿರುವ ಗಿರಿಜಾಳ ಅಕ್ಕನಿಗೆ ಫೋನ್ ಹಚ್ಚಿದೆ. ‘ಅಕ್ಕಾರ, ಗಿರಿಜಾನ ತೂಕ ಎಷ್ಟಿತ್ರಿ?’

ಆ ಕಡೆಯಿಂದ ಅಕ್ಕ, ‘ಯಾವಾಗಿಂದು ಕೇಳ್ತೀರಿ? ದವಾಖಾನಿ ಸೇರೂಕಿಂತ ಮೊದಲಿಂದೋ, ಆಮ್ಯಾಲಿಂದೋ?’

‘ಮೊದಲಿಂದು,’ ಅಂದೆ. ‘ಐವತ್ತೆಂಟು ಅಲ್ಲೇನ್ರಿ?’

‘ಐವತ್ತೆರಡು. ಐವತ್ತೆಂಟು ನಂದ್ರಿ! ಅದನ್ನ ಆಕಿ ನಿಮಗೂ ಹೇಳಿದ್ಲೇನು? ನಿಮ್ಮ ಕಾಲೇಜಿಗೆಲ್ಲ ಗೊತ್ತೈತೇನು ಮತ್ತ?’ ಎಂದು ಅಕ್ಕ ಬೈದರು, ಬೈಯುತ್ತ ನಕ್ಕರು, ನಗುತ್ತಲೇ ಫೋನ್ ಇಟ್ಟರು. ನಗುವೇ ಆಗಿತ್ತು ಎಂದು ಖಚಿತವಾಗಿ ಹೇಳಲಾರೆ.

ಪಕ್ಕದ ಕಾಳಿನ ಅಂಗಡಿಯಿಂದ ಒಂದು ಚೀಲ ಗೋವಿನಜೋಳ ತರಿಸಿ, ತೂಕದ ಕಾಟಾದ ಮೇಲಿಟ್ಟು, ಬೊಗಸೆಯಿಂದ ಹಾಕಿ ತೆಗೆದು ಸರಿಯಾಗಿ ಐವತ್ತೆರಡು ಮಾಡಿದೆವು. ಅಂಗಡಿಯವರು ‘ಏನ್ ಮಾಡ್ತೀರಿ ಇದನ್ನ?’ ಅಂದರೆ ಮಿಸ್ತ್ರಿ, ‘ಸೈಕಲ್ ಕಲಸ್ತೇವಿ’ ಅಂದರು. ಫೋರ್ಕನ್ನು ಅದೇ ಮೆತ್ತನೆಯ ಸ್ಪ್ರಿಂಗ್ ಸಮೇತ ಮತ್ತೆ ಜೋಡಿಸಿ, ಉಂಗುರವನ್ನು ಕೆಳಗಿಳಿಸಿ, ಚೀಲವನ್ನು ಸೀಟಿನ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿದೆವು. ಖಾಜಾಸಾಬರು ಒಂದು ಬದಿಗೆ, ನಾನು ಒಂದು ಬದಿಗೆ. ಚೀಲದ ನಡುವಿಗೆ ಕೈ ಹಾಕಿ ಹಿಡಿದು ನಿಂತಿದ್ದೆ. ಫೋರ್ಕು ಮೆಲ್ಲಗೆ ತಗ್ಗಿ ನಿಂತಿತು. ಇಷ್ಟೇ ಇದ್ದಳೇ ಅನ್ನಿಸಿತು. ಸವಣೂರಿನ ಬೀದಿಯಲ್ಲಿ ಹಾಡುಹಗಲು ಗೋವಿನಜೋಳವನ್ನು ಅಪ್ಪಿಕೊಂಡು ನಿಂತ ಪ್ರಾಧ್ಯಾಪಕನನ್ನು ನೋಡಿ ನಾಲ್ಕು ಜನ ನಿಂತರು. ನನಗೆ ಕೈ ಬಿಡಲು ಮನಸ್ಸಾಗಲಿಲ್ಲ.

ಮಿಸ್ತ್ರಿಯೇ ಚೀಲ ಇಳಿಸಿಕೊಂಡು ಬಗ್ಗಿ ಬೆರಳಿಟ್ಟು ಅಳೆದರು. ‘ಎರಡು ಬಟ್ಟು ಸರ. ಇದು ಬರೇ ಕುಂತದ್ದು. ಗೋವಿನಜೋಳ ಬ್ರೇಕ್ ಹಿಡ್ಯೂದಿಲ್ಲ, ಗುಂಡಿ ಹಾರಸೂದಿಲ್ಲ. ಎರಡು ಬಟ್ಟು ಮೇಡಮ್ಮಾರದು. ಅದರ ಮ್ಯಾಲಿಂದು ಹಾನಗಲ್ ರಸ್ತೇದು. ಅದನ್ನ ನಾ ಹೇಳಾಕ ಬರೂದಿಲ್ಲ.’

ನನಗೂ ಬರುವುದಿಲ್ಲ. ಹೇಳಿದವಳ ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಅವರು ಹೊಸ ಸೀಲು ಹಾಕಿದರು, ಕರ್ರಗಾದ ಎಣ್ಣೆ ಚೆಲ್ಲಿ ಹೊಸದು ತುಂಬಿದರು. ಸ್ಪ್ರಿಂಗಿಗೆ ಹುಬ್ಬಳ್ಳಿಗೆ ಹೋಗಬೇಕೇನೋ ಅಂದೆ. ಖಾಜಾಸಾಬರು ಒಂದು ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿ ತೆರೆದು ಕಾಗದದಲ್ಲಿ ಸುತ್ತಿದ ಬಿರುಸು ಸ್ಪ್ರಿಂಗ್ ಹೊರತೆಗೆದರು. ‘ಕಂಪನೀದ ಹಳೇದು. ಒಗದು ಬಿಡ್ಲೇನ್ರಿ ಅಂದಿದ್ದೆ ಮೇಡಮ್ಮಾರಿಗೆ. ಬ್ಯಾಡ, ಇಟ್ಟಿರ್ರಿ, ಎಂದರ ಒಂದಿನ ನಮ್ಮ ಸಾಹೇಬ್ರಿಗೆ ಹೊಟ್ಟಿ ಕರಗಸಾಕ ಬೇಕಾಗತೈತಿ ಅಂದಿದ್ರು.’

ನಿಜವಾಗಿ ಗಿರಿಜಾ ಹಾಗೆ ಅಂದಿದ್ದಳೋ, ನನ್ನ ಮುಖ ನೋಡಿ ಮಿಸ್ತ್ರಿ ಆ ಕ್ಷಣ ಅವಳ ಬಾಯಲ್ಲಿ ಹೇಳಿಸಿದರೋ? ಇಪ್ಪತ್ತು ವರ್ಷ ತರ್ಕ ಕಲಿಸಿದವನು ಅಲ್ಲಿ ಕೇಳಬೇಕಾದ ಪ್ರಶ್ನೆ ಅದು. ಕೇಳಲಿಲ್ಲ. ಮೆತ್ತನೆಯ ಸ್ಪ್ರಿಂಗನ್ನು ಅದೇ ಕಾಗದದಲ್ಲಿ ಸುತ್ತಿಸಿ ಜೇಬಿಗಿಟ್ಟುಕೊಂಡೆ.

ಈಗ ಫೋರ್ಕು ನನ್ನ ಭಾರಕ್ಕೆ ಕುಸಿಯುವುದಿಲ್ಲ. ದುಂಡಸಿಯ ಕಡೆ ಅಷ್ಟು ದೂರ ಹೋಗಿ ಬರುತ್ತೇನೆ, ದಾರಿಯವರು ‘ಸೈಕ್ಲಿಂಗೇನ್ರಿ ಸರ?’ ಎಂದು ನಿಲ್ಲಿಸಿಯೇ ಕೇಳುತ್ತಾರೆ. ಮನೆಗೆ ಬಂದ ಮೇಲೆ ಉಂಗುರವನ್ನು ಮೂರೂವರೆ ಬೆರಳಿಗೆ ಇಳಿಸುತ್ತೇನೆ. ಮೂರೂವರೆ ಎಂದು ತೀರ್ಮಾನಿಸಿದ್ದೇನೆ. ಇನ್ನೊಂದು ವರ್ಷದಲ್ಲಿ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳುವಷ್ಟು ಗಟ್ಟಿಯಾಗುತ್ತದೆ.

ಆದರೆ ಒಂದು ತೊಂದರೆ ಉಳಿದಿದೆ. ಅವತ್ತು ಸವಣೂರಿನಿಂದ ಮನೆಗೆ ಬಂದು ಬೂಟು ಬಿಚ್ಚುವಾಗ ನನ್ನ ಹತ್ತಿರ ಒಳ್ಳೇ ಕತೆಯಿತ್ತು: ಚೀಲ, ಕಾಟಾ, ಅಕ್ಕನ ಐವತ್ತೆಂಟು. ನನ್ನ ಜೀವಮಾನದಲ್ಲಿ ಮೊದಲ ಸಲ ಆ ಬೆಂಚಿನ ಮೇಲೆ ನಿಜವಾಗಿ ನಾನೇ ಕೂತು ಬಂದಿದ್ದೆ. ಅದನ್ನು ಕೇಳಿ ಮುಂದೊಂದು ದಿನ ‘ನಾನೂ ಇದ್ದೆನಲ್ರಿ ಅಲ್ಲಿ’ ಎಂದು ಜಗಳಾಡಬೇಕಾದವಳು ಮಾತ್ರ ಮನೆಯಲ್ಲಿರಲಿಲ್ಲ. ಅದಕ್ಕೇ ನಿಮಗೆ ಹೇಳಿದೆ. ನಾಳೆ ನೀವು, ಸವಣೂರಿಗೆ ನಾವೂ ಹೋಗಿದ್ದೆವು, ಚೀಲದ ಒಂದು ತುದಿ ನಾವೇ ಹಿಡಿದಿದ್ದೆವು ಅಂದರೆ ನಾನು ಆಕ್ಷೇಪಣೆ ಮಾಡುವುದಿಲ್ಲ. ಯಾರಾದರೂ ಉಂಗುರದ ಬಗ್ಗೆ ಕೇಳಿದರೆ, ಮೂರೂವರೆ ಬೆರಳು ಅನ್ನಿ. ನೀವು ಹಾಗಲ್ಲದೆ ಕೆಂಪು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಇಷ್ಟು ಹೊತ್ತೂ ‘ಹ್ಞೂಂ, ಹ್ಞೂಂ’ ಅನ್ನುತ್ತಿದ್ದರೆ, ನಿಮ್ಮನ್ನು ಬೈಯುವ ಹಕ್ಕು ನನಗಂತೂ ಇಲ್ಲ.