ಅತ್ತೆಯ ಸೀರೆ, ನನ್ನ ಬುಟ್ಟಾ

"ಡೆಕೋರೇಟರ್ ಬ್ಯಾಡ! ಸ್ವಪ್ನಾಲಿ ಸಾಖರಪುಡಾಕ್ಕ ಸ್ಟೇಜಿನ ಹಿಂದಿನ ಪಡದಾ ನಾನ ಮಾಡಾಂವ!"

ಮಗಳ ನಿಶ್ಚಿತಾರ್ಥಕ್ಕೆ ನಾನು ಹೀಗೆ ಘೋಷಣೆ ಹೊರಡಿಸಿದಾಗ ಹೆಂಡತಿ ಮಹಾನಂದಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು.

"ಯಾತರಲೇ ಮಾಡಾವ್ರು?"

"ಕಂಪ್ಯೂಟರಲೇ!"

"ಅದರಾಗ ನಿಮಗ ಇಸ್ಪೀಟ ಆಡೂದು ಬಿಟ್ಟು ಮತ್ತೇನ ಬರ್ತೈತಿ?"

ಇದು ಅನ್ಯಾಯದ ಮಾತು. ಸಾಂಗಲಿಯ ನನ್ನ ಅರಿಶಿಣದ ಅಡತಿ ಅಂಗಡಿಯಲ್ಲಿ ಆ ಕಂಪ್ಯೂಟರು ಎಷ್ಟೋ ವರ್ಷದಿಂದ ನನ್ನ ಎದುರಿಗೇ ಕೂತಿದೆ. ಅದರೊಳಗೆ ಪೇಂಟ್ ಇದೆ. ಕತ್ತರಿಸಬಹುದು, ಅಂಟಿಸಬಹುದು, ತಿರುವಬಹುದು. ಇನ್ನೇನು ಬೇಕು ಒಬ್ಬ ಕಲಾವಿದನಿಗೆ? ಮಿರಜ್‌ನ ಯಾವ ಹಾಲ್‌ಗೆ ಹೋದರೂ ಅದೇ ಪ್ಲಾಸ್ಟಿಕ್ ಎಲೆ, ಅದೇ ಎರಡು ನವಿಲು! ಆ ನವಿಲುಗಳು ನಮ್ಮ ಬಳಗದ ಎಲ್ಲ ಹುಡುಗಿಯರ ನಿಶ್ಚಿತಾರ್ಥಕ್ಕೂ ಬಂದು ಹೋಗಿದ್ದವು. ನನ್ನ ಮಗಳದಕ್ಕೂ ಬರಬೇಕೆ?

ಮಹಾನಂದಾ ಕೈ ಒರೆಸಿಕೊಂಡು ಹೊರಗೆ ಬಂದಳು. ದನಿ ಸಣ್ಣದಾಗಿತ್ತು.

"ನಂದೊಂದು ಆಸೆ ಐತ್ರಿ. ಅವ್ವನ ಇಳಕಲ್ ಸೀರಿ ಐತಲ್ಲ, ಅದನ್ನ ಕುರ್ಚಿ ಹಿಂದ ಕಟ್ಟೋಣು. ಅವ್ವ ಹಿಂದ ನಿಂತಂಗ ಅನಸ್ತೈತಿ."

ನನ್ನ ಅತ್ತೆ, ಸಲಗರೆಯ ಗುರುಶಾಂತವ್ವ, ಹೋದ ವರ್ಷ ತೀರಿಕೊಂಡರು. ಮೊಮ್ಮಗಳ ಬೆರಳಿಗೆ ಉಂಗುರ ಹಾಕುವುದನ್ನು ನೋಡೇ ಹೋಗ್ತೇನಿ ಅಂತಿದ್ದರು. ಆಗಲಿಲ್ಲ.

"ಒಂದ ಸೀರಿ ಅಷ್ಟ ದೊಡ್ಡ ಸ್ಟೇಜಿಗೆ ಎಲ್ಲಿ ಸಾಕಾಗ್ತೈತಿ?" ಎಂದೆ ನಾನು. "ಅದರ ಫೋಟೋ ತಗದು, ಕಂಪ್ಯೂಟರಿನ್ಯಾಗ ಜೋಡಿಸಿ, ಗ್ವಾಡಿ ತುಂಬ ಅವ್ವನ ಸೀರಿ ಮಾಡ್ತೇನಿ!"

ಅವಳ ಕಣ್ಣು ಅರಳಿತು. "ಖರೇನ?"

"ಖರೇ ಅಂದ್ರ ಖರೇ!"

ಮದುವೆಯಾದಾಗಿನಿಂದ ನನ್ನ ಯಾವ ಮಾತನ್ನೂ ಅವಳು ಇಷ್ಟು ನಂಬಿರಲಿಲ್ಲ. ಅದೇ ನನ್ನನ್ನು ಕೆಡಿಸಿತು.

ಮರುದಿನ ಮಾಳಿಗೆಯ ಮೇಲೆ ಸೀರೆ ಹಾಸಿದೆ. ಕಡುಹಸಿರು ಒಡಲು, ಕೆಂಪು ದಡಿ. ಅಂಚಿಗೆ ನಿಂತು, ಮುಂದೆ ಬಗ್ಗಿ, ಉಸಿರು ಹಿಡಿದು ಮೊಬೈಲಿನಲ್ಲಿ ಫೋಟೋ ಹೊಡೆದೆ. ಅಡತಿಗೆ ಹೋಗಿ ಪೇಂಟ್ ತೆರೆದು ಆ ಫೋಟೋದಿಂದ ಒಂದು ಚೌಕ ಕತ್ತರಿಸಿದೆ. ಅಂಟಿಸಿದೆ. ಅದರ ಪಕ್ಕಕ್ಕೆ ಮತ್ತೊಂದು, ಕನ್ನಡಿಯಲ್ಲಿ ಕಂಡಹಾಗೆ ತಿರುವಿ. ಕೆಳಗೆ ಮತ್ತೊಂದು ಸಾಲು. ಪರದೆ ತುಂಬ ಸೀರೆ ಹಬ್ಬಿತು! ಅಷ್ಟೇ ಅಲ್ಲ, ಪ್ರತಿ ಚೌಕದ ಮೂಲೆಯಲ್ಲೂ ಹುಣಸೆಬೀಜದಷ್ಟು ಒಂದು ಬಂಗಾರದ ಬುಟ್ಟಾ! ಎರಡೆರಡು ಬುಟ್ಟಾ ಎದುರುಬದುರು, ಮಾವಿನಕಾಯಿಯ ಜೋಡಿಯಂತೆ. ಎಂಥ ನೇಕಾರಿಕೆ! ಇಷ್ಟು ದಿನ ಅತ್ತೆಯವರ ಸೀರೆಯನ್ನು ನಾನು ಸರಿಯಾಗಿ ನೋಡಿರಲೇ ಇಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಮನೆಯಲ್ಲಿ ಸ್ವಪ್ನಾಲಿಗೆ ಮೊಬೈಲಿನಲ್ಲಿ ತೋರಿಸಿದೆ.

"ಪಪ್ಪಾ, ಆಜಿ ಸೀರಿ ಮ್ಯಾಲ ಬುಟ್ಟೇ ಹೋತೇ ಕಾ?" ಎಂದಳು. ನಮ್ಮ ಮಗಳ ಬಾಯಲ್ಲಿ ಕನ್ನಡ ಹೊರಟರೆ ಮರಾಠಿಯಲ್ಲಿ ಹೋಗಿ ಮುಟ್ಟುತ್ತದೆ. ಸೀರೆಯ ಮೇಲೆ ಬುಟ್ಟಾ ಇದ್ದವೇ ಅಂತ ಅವಳ ಸಂಶಯ.

"ಇದ್ದುವವ್ವಾ. ನೋಡೋ ಕಣ್ಣು ಬೇಕು!" ಎಂದೆ.

ಮಹಾನಂದಾ ಕೇಳಿದರೆ, "ಸ್ಟೇಜಿನ ಮ್ಯಾಲೇ ನೋಡು" ಎಂದು ಕಾಯಿಸಿದೆ. ಸಾಖರಪುಡಾದ ಮುಂಜಾನೆ, ಅಚ್ಚಿಗೆ ಕೊಟ್ಟಿದ್ದ ಫ್ಲೆಕ್ಸ್ ಬಂತು. ಹಾಲ್‌ನವರು ಕಟ್ಟಿ ಹೋದರು. ನಾನು ದೂರದ ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತಿದ್ದೆ. ಮಹಾನಂದಾ ಸಕ್ಕರೆಯ ತಾಟು ಹಿಡಿದು ಸ್ಟೇಜಿನ ಹತ್ತಿರ ಹೋದವಳು ಅಲ್ಲೇ ನಿಂತುಬಿಟ್ಟಳು.

"ಅಹೋ."

"ಹೆಂಗೈತಿ? ಮಾತ ಹೊರಡವಲ್ವು ನೋಡು!"

"ಆ ಬುಟ್ಟಾಕ್ಕ ಉಗುರ ಐತ್ರಿ."

ನಾನು ಹತ್ತಿರ ಹೋದೆ. ಕಂಪ್ಯೂಟರಿನಲ್ಲಿ ಹುಣಸೆಬೀಜದಷ್ಟಿದ್ದದ್ದು ಫ್ಲೆಕ್ಸಿನಲ್ಲಿ ತೆಂಗಿನಕಾಯಿಯಷ್ಟಾಗಿತ್ತು. ಉಗುರಿತ್ತು. ಉಗುರಿನ ಕೆಳಗೆ ಗೆರೆಗಳಿದ್ದವು. ನಾಲ್ಕು ಕೂದಲೂ ಇದ್ದವು!

"ಆ ಸೀಳಿದ ಉಗುರ ನಂಗ ಗೊತ್ತಿಲ್ಲೇನು? ನಿಮ್ಮ ಕಾಲಿನ ಹೆಬ್ಬಟ್ಟು ಅದು!"

ಕೆಳಗೆ ನೋಡಿಕೊಂಡೆ. ಹೌದು. ದಿನವಿಡೀ ಅರಿಶಿಣದ ರಾಶಿಯಲ್ಲಿ ಅಡ್ಡಾಡಿ ಹಳದಿಯಾದ ನನ್ನ ಸ್ವಂತ ಹೆಬ್ಬೆರಳು, ಫೋಟೋ ಹೊಡೆಯುವಾಗ ಮೆಲ್ಲಗೆ ಮೂಲೆಯಲ್ಲಿ ಬಂದು ಕೂತಿತ್ತು. ನಾನು ಅದನ್ನೇ ಬುಟ್ಟಾ ಅಂದುಕೊಂಡು ಗೋಡೆ ತುಂಬ ಬಿತ್ತಿದ್ದೆ!

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ತಾಟು ಕುರ್ಚಿಯ ಮೇಲಿಟ್ಟು, "ಅವ್ವನ ಸೀರಿ ತುಂಬ ಕಾಲಿಟ್ರಲ್ಲರಿ," ಎಂದಳು.

ಇನ್ನೊಂದು ಕುರ್ಚಿ ಹತ್ತಿ ಪಡದಾದ ಹಗ್ಗ ಬಿಚ್ಚತೊಡಗಿದೆ. ಬಿಚ್ಚಿ ಸುತ್ತಿ ಎಲ್ಲಾದರೂ ಒಗೆದುಬಿಡೋಣ, ಬರೀ ಗೋಡೆಯೇ ಇರಲಿ. ಆದರೆ ಆ ಗಂಟು ಜಗ್ಗಿದಷ್ಟೂ ಬಿಗಿಯಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಮಾಧವನಗರದ ಬೀಗರು ಬಂದೇಬಿಟ್ಟರು!

ಎಲ್ಲರಿಗಿಂತ ಮುಂದೆ ಅಳಿಯನಾಗುವ ನಿಲೇಶನ ತಾಯಿ ರತ್ನಾಬಾಯಿ. ಬಲು ಖಡಕ್ ಹೆಣ್ಣುಮಗಳು. ನಾವು ಹುಡುಕಿದ ಎರಡು ಹಾಲ್‌ಗಳನ್ನು, ನಳದ ನೀರು ಸೋರುತ್ತದೆಂದು ಬೇಡ ಎಂದವರು. ನೇರ ಸ್ಟೇಜಿಗೆ ಬಂದು, ಚಷ್ಮಾ ಹಾಕಿಕೊಂಡು, ಪಡದಾ ನೋಡಿದರು. ನಾನು ಕುರ್ಚಿಯ ಮೇಲೆ ಗಂಟು ಹಿಡಿದುಕೊಂಡೇ ನಿಂತಿದ್ದೆ.

"ಬೀಗ್ತಿ, ಇವು ಪಾದದ ಬೆರಳೇನ್ರಿ?"

"ಹೂಂ ರಿ," ಎಂದಳು ಮಹಾನಂದಾ. ಸುಳ್ಳು ಅವಳ ಬಾಯಲ್ಲಿ ಬರುವುದಿಲ್ಲ.

"ಯಾರವು?"

ಇಲ್ಲಿ ಒಂದು ಮಾತು ಹೇಳಬೇಕು. ಊರೆಲ್ಲ ನನ್ನನ್ನು ಅಣ್ಣಾಸಾಹೇಬ ಅಂತಲೇ ಕರೆಯುತ್ತದೆ. ಬೀಗರಿಗೂ ಅಷ್ಟೇ ಗೊತ್ತು. ತೊಟ್ಟಿಲಲ್ಲಿಟ್ಟ ಹೆಸರು ಬೇರೆ. ಅದನ್ನು ನನ್ನ ಹೆಂಡತಿ, ಗಂಡನ ಹೆಸರು ಹೇಳಬಾರದೆಂದು, ಒಮ್ಮೆಯೂ ಉಚ್ಚರಿಸಿದವಳಲ್ಲ. ಅವತ್ತು ಬೇರೆ ದಾರಿ ಕಾಣದೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು.

"ಗುರುಪಾದರಿ."

ರತ್ನಾಬಾಯಿ ತಟ್ಟನೆ ಚಪ್ಪಲಿ ಬಿಟ್ಟರು.

"ಗುರುಪಾದ! ಅದೂ ಅರಿಶಿಣ ಹಚ್ಚಿ ಪೂಜಾ ಮಾಡಿದ ಪಾದ! ಎಲ್ಲಿ ಹೋದ್ರೂ ನವಿಲ ನೋಡಿ ನೋಡಿ ಸಾಕಾಗಿತ್ತವ್ವಾ. ಸಂಸ್ಕಾರ ಅಂದ್ರ ಇದು! ನಿಲೇಶ, ಬಾ, ಬಗ್ಗು. ಸ್ವಪ್ನಾಲಿ, ನೀನೂ ಬಾರವ್ವಾ."

ಮಕ್ಕಳಿಬ್ಬರೂ ಬಗ್ಗಿದರು. ಸ್ವಪ್ನಾಲಿಯ ಹೆಗಲು ಅಲುಗುತ್ತಿತ್ತು. ನಗುವನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಬಳಗವೆಲ್ಲ ಸಾಲಾಗಿ ಬಂದು ಹೂ ಏರಿಸಿತು.

"ಬೀಗ್ರ, ಕುರ್ಚಿ ಮ್ಯಾಲೇನ ಮಾಡಾಕತ್ತೀರಿ? ಇಳೀರಿ, ಬಗ್ರಿ ನೀವೂ!"

ಇಳಿದೆ. ಕೈಮುಗಿದೆ. ನನ್ನ ಕಾಲಿನ ಬೆರಳಿಗೆ ನಾನೇ ಹಣೆ ಹಚ್ಚಿದೆ! ಪಕ್ಕದಲ್ಲಿ ಮಹಾನಂದಾಳೂ ಬಗ್ಗಿದ್ದಳು.

"ಇನ್ನೂ ಚೊಲೋತ್ನಂಗ ಬಗ್ರಿ," ಎಂದಳು ಪಿಸುದನಿಯಲ್ಲಿ.

"ನೀನೂ ಬಗ್ಗೀಯಲ್ಲ!"

"ನಾ ಅವ್ವನ ಸೀರಿಗೆ ಬಗ್ಗೇನಿ."

ಅವಳು ಹಸಿರು ಒಡಲನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದ್ದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು.

ಉಂಗುರ ಏರಿದವು, ಊಟ ಮುಗಿಯಿತು. ಹೊರಡುವಾಗ ರತ್ನಾಬಾಯಿ ಫ್ಲೆಕ್ಸನ್ನು ಸುತ್ತಿಸಿಕೊಂಡು ಗಾಡಿಯಲ್ಲಿ ಹಾಕಿಸಿದರು. ಈಗ ಅದು ಅವರ ನಡುಮನೆಯ ಗೋಡೆಯ ಮೇಲಿದೆ.

ಮೊನ್ನೆ ಮದುವೆಯ ಮಾತಿಗೆಂದು ಅಲ್ಲಿಗೆ ಹೋಗಿದ್ದೆವು. ನೆಲ ಕಾದು ಹಂಚಾಗುವ ಮೇ ತಿಂಗಳು. ಬಾಗಿಲಲ್ಲೇ ರತ್ನಾಬಾಯಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು.

"ಇಂಥಾ ಬಿಸಲಾಗ ಕಾಲಚೀಲ ಯಾಕ್ರಿ ಬೀಗ್ರ? ತಗೀರಿ, ಕಾಲ ತೊಳಕೋರಿ!"

ನಾನು ಬೆವರುತ್ತ ಹೆಂಡತಿಯ ಮುಖ ನೋಡಿದೆ. ಅವಳು ತಂಬಿಗೆ ಇಸಿದುಕೊಂಡು ಶಾಂತವಾಗಿ ಹೇಳಿದಳು:

"ಇರ್ಲಿ ಬಿಡ್ರಿ. ಇವರ ಪಾದದ ದರ್ಶನ ಹಂಗ ಎಲ್ಲಾರಿಗೂ ಆಗೂದಿಲ್ರಿ!"