ಚಿಗವ್ವ ಕಂಪನಿ ನಡೆಸಿದ್ದು

ನಮ್ಮ ಚಿಗವ್ವ ಕಂಪ್ಯೂಟರ್ ಮುಟ್ಟದೆಯೇ ಒಂದು ಸಾಫ್ಟ್‌ವೇರ್ ಕಂಪನಿ ನಡೆಸಿದಳು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಅಲ್ಲಿಯೇ ನೌಕರಿ ಮಾಡುವ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಬಾಗಲಕೋಟೆಯಲ್ಲಿ ಎರಡು ಕೋಣೆಯ ಈ ಕಂಪನಿ ಕಟ್ಟಿದವರು ಅವಳ ಗಂಡ, ನಮ್ಮ ಕಾಕಾ. ಅಂಗಡಿ, ಲಾಡ್ಜುಗಳಿಗೆ ಬಿಲ್ ಮಾಡುವ ಪ್ರೋಗ್ರಾಂ ನಮ್ಮ ಸರಕು. ಕಾಕಾ ಅದನ್ನು ಹೊಸದಾಗಿ ಬರೆದರು, ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ನಾಚಿಕೆಗೆ ಕಾಕಾ ಮನೆ ಹಿಡಿದು ಕೂತರು. ಅಂಗಿ ಬದಲಿಸುವುದನ್ನೂ ಮರೆತರು. ಉಳಿದ ದೊಡ್ಡ ಗಿರಾಕಿ ಎಂದರೆ ಇಳಕಲ್ಲಿನ ಸೀರೆ ಸಾಹುಕಾರರು. ಅವರೂ ಬಿಟ್ಟರೆ ಕಂಪನಿಗೆ ಬೀಗ. ಆಗ ಚಿಗವ್ವ ಅಡುಗೆಮನೆಯಿಂದ ಎದ್ದು ಬಂದು ಕಾಕಾನ ಕುರ್ಚಿಯಲ್ಲಿ ಕೂತಳು.

ಮೊದಲ ದಿನವೇ ಇಳಕಲ್ಲಿನಿಂದ ಫೋನು. ಬಿಲ್ ಬರುತ್ತಿಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ಫೋನು ಕಸಿದುಕೊಂಡಳು.

"ಯಾವಾಗಿಂದ ಹಿಂಗಾಗೈತ್ರಿ ಅಣ್ಣಾರ? ಅಯ್ಯ, ಪಾಪ! ಈಗ ಬಂದ್ವಿ ನೋಡ್ರಿ."

"ಚಿಗವ್ವ, ಇಲ್ಲೇ ಕುಂತು ಸರಿ ಮಾಡಬಹುದು."

"ಬೀಗರ ಮನ್ಯಾಗ ಜಡ್ಡಾದ್ರ ಫೋನಿನ್ಯಾಗ ಮಾತಾಡ್ಸಿ ಮಕ್ಕೋತಿಯೇನೋ?"

ಕಾಯಿಲೆ ಬಿದ್ದವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗುವುದುಂಟೇ? ಬ್ರೆಡ್ಡು, ಬಾಳೆಹಣ್ಣು ಚೀಲ ಸೇರಿದವು. ಹುನಗುಂದದಲ್ಲಿ ನಮ್ಮಿಬ್ಬರ ಬಸ್ಸು ನಿಂತಾಗ ಎಳನೀರಿಗೂ ಇಳಿಯಹೊರಟಳು. ಕುಡಿಯುವವರು ಯಾರು, ಪ್ರಿಂಟರೇ?

ಸಿಟ್ಟಿನಲ್ಲಿ ಕಾಯುತ್ತಿದ್ದ ಸಾಹುಕಾರರು ಬ್ರೆಡ್ಡು ಕಂಡು ಗಾಬರಿಯಾದರು.

"ಯಾರಿಗೇನಾಗೈತ್ರಿ ಅಕ್ಕಾರ?"

"ನಿಮ್ಮ ಕಂಪ್ಯೂಟರಿಗೆ ರೀ. ಭಾಳ ಸೊರಗೈತಿ ನೋಡ್ರಿ!"

ಅವರು ನಕ್ಕುಬಿಟ್ಟರು. ನಗುತ್ತ ನಗುತ್ತಲೇ ಒಳಗಿದ್ದದ್ದು ಹೊರಬಂತು: "ನಮ್ಮ ಗಿರಾಕಿ ಬಿಲ್ ಕೈಯಾಗ ಬಂದ ಮ್ಯಾಲನ ಚೌಕಾಸಿ ಶುರು ಮಾಡ್ತಾರ್ರಿ. ನಿಮ್ಮ ಹೊಸ ಪ್ರೋಗ್ರಾಂ ಆಮ್ಯಾಲ ರೇಟ್ ಇಳಿಸಾಕ ಬಿಡೂದಿಲ್ಲ. ಹೊಸ ರೇಟ್ ಒತ್ತಿದ್ರ ಗಪ್ಪನ ನಿಂತ ಬಿಡ್ತೈತಿ!"

ಇಷ್ಟೇ! ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಲ್ಲೇ ಕೂತು ತಿದ್ದಿಕೊಟ್ಟೆ.

ಆಮೇಲೆ ಚಿಗವ್ವನನ್ನು ಹಿಡಿಯುವವರಾರು! ನಮ್ಮನ್ನು ಬಿಟ್ಟುಹೋದ ಬಾದಾಮಿಯ ಲಾಡ್ಜು, ಕುಳಗೇರಿ ಕ್ರಾಸಿನ ಅಂಗಡಿ, ಎಲ್ಲ ಕಡೆಗೂ ಚೀಲ ಹಿಡಿದು ಹೊರಟಳು. "ಅವರು ನಮ್ಮ ಗಿರಾಕಿ ಅಲ್ಲ ಈಗ," ಎಂದೆ. "ಗಿರಾಕಿ ಅಲ್ಲ ಅಂದ್ರ ಮಂದಿನೂ ಅಲ್ಲೇನು?" ಎಂದಳು. ಕೆಲವರು ನಿಜವಾಗಿ ಮರಳಿದರು. ಇನ್ನು ಕೆಲವರು ಮತ್ತೆ ಬ್ರೆಡ್ಡು ಬಂದೀತೆಂಬ ಹೆದರಿಕೆಗೇ ಮರಳಿರಬೇಕು!

ಕೊನೆಗೆ ಇಳಕಲ್ಲಿನ ಸಾಹುಕಾರರ ಫೋನು ಬಂತು: "ನಿಮ್ಮ ಪ್ರೋಗ್ರಾಮನ್ನ ಮುಂದುವರಸ್ತೇವ್ರಿ ಅಕ್ಕಾರ." ನಾವೆಲ್ಲ ಕುಣಿದಾಡಿದೆವು. ಚಿಗವ್ವ ಮಾತ್ರ, "ಈ ಮಾತು ನಿಮ್ಮ ಬಾಯಿಲೇ ನಮ್ಮ ಮನಿಯವರಿಗೆ ಹೇಳ್ರಿ ಅಣ್ಣಾರ," ಎಂದು ಬೇಡಿಕೊಂಡಳು.

ಮರುದಿನ ಮುಂಜಾನೆ ಆಫೀಸಿನ ಬಾಗಿಲಲ್ಲಿ ಕಾಕಾ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಹೊರಗಿನವರ ಹಾಗೆ, "ಒಳಗ ಬರಲ್ಯಾ?" ಎಂದು ಕೇಳಿದರು.

ಇಡೀ ಜಿಲ್ಲೆಯನ್ನು ಮಾತಾಡಿಸಿ ಬಂದ ಚಿಗವ್ವ ಎದ್ದು, ಕಾಕಾನ ಆ ಧೂಳಿಲ್ಲದ ಕುರ್ಚಿಯನ್ನು ಸೆರಗಿನಿಂದ ಒರೆಸುತ್ತಲೇ ನಿಂತಳು.