ಎದ್ದು ನಿಂತ ಇಂಪಾಲಾ

ಕಾರು ಸ್ವಲ್ಪ ಎತ್ತರವಾಗಿ ಕಾಣುತ್ತಿದೆಯೇ?

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ, ಕಿಟಕಿಯಿಂದ ಹೊರಗೆ ನೋಡಿ, ಡೆಲ್ಫೀನಾ ತನ್ನನ್ನೇ ಕೇಳಿಕೊಂಡಳು. ಕಾಣುತ್ತಿದೆ ಎಂದು ತಾನೇ ಉತ್ತರವನ್ನೂ ಕೊಟ್ಟುಕೊಂಡಳು. ಬೇರೆ ಯಾರೂ ಕೇಳದಿದ್ದಾಗ ಅವಳ ಉತ್ತರಗಳು ಬಹಳ ಚುರುಕು.

ಎಸ್ಪಾನ್ಯೋಲಾ ಊರಿನಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೋ, ಓಟ ಎಷ್ಟು ನಿಧಾನವೋ, ಮನೆತನದ ಮಾನ ಅಷ್ಟು ಎತ್ತರ. ಅಜ್ಜ ಬಿಟ್ಟುಹೋದ ಅರವತ್ಮೂರನೇ ಇಸವಿಯ ಇಂಪಾಲಾ ಭಾನುವಾರದ ಮೆರವಣಿಗೆಯ ತಲೆಯಲ್ಲಿ, ಆಮೆಯೂ ನಾಚುವಂತೆ ತೆವಳಿಕೊಂಡು ಹೋಗುತ್ತಿದ್ದ ಕಾರು. ಅಂಥದ್ದಕ್ಕೆ ಡೆಲ್ಫೀನಾ, ಯಾರಿಗೂ ಹೇಳದೆ, ಪಕ್ಕದೂರಿನ ಗ್ಯಾರೇಜಿನಲ್ಲಿ ಎಂಟು ಸಿಲಿಂಡರಿನ ಹೊಸ ಎಂಜಿನ್, ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ್ದಳು. ಕೇಳಿದವರಿಗೆ ಹಳೇ ಎಂಜಿನ್ ಬಿರುಕು ಬಿಟ್ಟಿತ್ತು ಎನ್ನುವುದೆಂದು ತೀರ್ಮಾನಿಸಿದ್ದಳು. ಅದು ಬಿರುಕು ಬಿಟ್ಟಿರಲಿಲ್ಲ. ಇವತ್ತಿನ ಮೆರವಣಿಗೆ ದಾಟಿದರೆ ಹೊಸ ಎಂಜಿನ್ ಅವಳದು. ಸಿಕ್ಕಿಬಿದ್ದರೆ ಊರಿನವರು ಅದನ್ನು ಕಿತ್ತುಹಾಕದೆ ಬಿಡುವವರಲ್ಲ.

"ಏ ಡೆಲ್ಫೀನಾ! ಕಾರು ಯಾಕೇ ಹೀಗೆ ಎದ್ದು ನಿಂತಿದೆ? ನಾಯಿ ಕಂಡ ಬೆಕ್ಕಿನ ಹಾಗೆ!" ಬೇಲಿಯಾಚೆಯಿಂದ, ಅವಳು ತೀಯಾ ಎಂದು ಕರೆಯುವ ಸೋದರತ್ತೆ ಓರ್ಲಿಂಡಾಳ ದನಿ.

"ಹಳೇದು ಬಿರುಕು ಬಿಟ್ಟಿತ್ತು, ತೀಯಾ."

"ಏನು, ಸ್ಪ್ರಿಂಗಾ?"

"ಎಂಜಿನ್ನು."

"ಎಂಜಿನ್ ಬಿರುಕು ಬಿಟ್ರೆ ಸ್ಪ್ರಿಂಗ್ ಯಾಕೆ ಬದಲಾಯಿಸ್ತಾರೆ? ಹಲ್ಲುನೋವಿಗೆ ಕನ್ನಡಕ ಹಾಕಿಸ್ದಂಗಾಯ್ತು!"

ಡೆಲ್ಫೀನಾ ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಬೀದಿಗೆಲ್ಲ ಸುದ್ದಿ ಮುಟ್ಟಿಸಿ, ಕಾರು ಕ್ಲಬ್ಬಿನ ಹಿರಿಯ, ಊರೇ ಗೌರವದಿಂದ ಡಾನ್ ಎಂದು ಕರೆಯುವ ಫಿದೆನ್ಸಿಯೊನನ್ನೇ ಕರೆತಂದಿದ್ದಳು. ಆತ ಬಗ್ಗಿ ತನ್ನ ಟೋಪಿಯನ್ನು ಕಾರಿನಡಿಗೆ ತೂರಿಸಿದ. ಟೋಪಿ ಎಲ್ಲೂ ತಾಗದೆ ಆಚೆ ಬದಿಗೆ ಹೋಯಿತು. ಸಾವಿನ ಮನೆಗೆ ಬಂದವನಂತೆ ಅದನ್ನೆತ್ತಿ ಎದೆಗೊತ್ತಿಕೊಂಡ.

"ಹೆದರ್ಬೇಡ ಮಿಹಾ, ಮಗಳೇ, ನೀನು ನಮ್ಮವಳಲ್ವಾ? ನಮ್ಮ ಹುಡುಗಾಟದ ಕಾಲದಲ್ಲಿ ಏನ್ಮಾಡ್ತಿದ್ವಿ? ಕಾರು ತಗ್ಗಿಸೋಕೆ ಡಿಕ್ಕಿಗೆ ಸಿಮೆಂಟು ಮೂಟೆ!"

"ಬೇಡ..." ಎಂದಳು ಡೆಲ್ಫೀನಾ, ತನ್ನ ಕಿವಿಗೂ ಬೀಳದ ದನಿಯಲ್ಲಿ.

ಸಿಮೆಂಟು ಬಂತು. ಸಾಲಲಿಲ್ಲ. ಯಾರದೋ ಹಿತ್ತಲ ಮರಳು ಬಂತು. ಆದರೂ ಸ್ಪ್ರಿಂಗುಗಳು ಜಗ್ಗಲಿಲ್ಲ. ಯಜಮಾನಿಗಿಲ್ಲದ ಹಠ ಅವಕ್ಕಿತ್ತು. ಕೊನೆಗೆ ಓರ್ಲಿಂಡಾ ತನ್ನಿಬ್ಬರು ತಂಗಿಯರೊಡನೆ ಹಿಂದಿನ ಸೀಟಿಗೆ ನುಗ್ಗಿ, ತೊಡೆಯ ಮೇಲೆ ಪೊಸೋಲೆ ಸಾರಿನ ದೊಡ್ಡ ಪಾತ್ರೆ ಇಟ್ಟುಕೊಂಡು ಕೂತಳು. ಕಾರು ನಿಟ್ಟುಸಿರಿಟ್ಟು ಕುಸಿಯಿತು. ಬೀದಿಯೆಲ್ಲ ಚಪ್ಪಾಳೆ.

ಮೆರವಣಿಗೆ ಹೊರಟಿತು. ಹೊಸ ಎಂಜಿನ್ನಿಗೆ ಓಡುವುದು ಗೊತ್ತಿತ್ತೇ ಹೊರತು ನಡೆಯುವುದಲ್ಲ. ಬ್ರೇಕಿನಿಂದ ಕಾಲು ಕೊಂಚ ಸಡಿಲಿಸಿದರೆ ಕಾರು ನೆಗೆಯುವುದು, ಸಾರು ಚೆಲ್ಲುವುದು.

"ಅಯ್ಯೋ, ನನ್ನ ಹೊಸ ಲಂಗ! ಒಳಗೇನು ಕುದುರೆ ಕಟ್ಟಿದೀಯಾ?"

ಡೆಲ್ಫೀನಾ ಎರಡೂ ಕಾಲಿನಿಂದ ಬ್ರೇಕ್ ತುಳಿದಳು. ಪಕ್ಕದ ಕಾಲುದಾರಿಯಲ್ಲಿ ತಳ್ಳುಗಾಡಿಯ ಮಗುವೊಂದು ಅವಳನ್ನು ದಾಟಿಹೋಯಿತು. ಊರುಗೋಲಿನ ಅಜ್ಜಿ ದಾಟಿಹೋದಳು, ಕೈಯನ್ನೂ ಬೀಸಿದಳು. ಇಗರ್ಜಿಯ ಮುಂದಿನ ರಸ್ತೆಯುಬ್ಬು ಬಂದಾಗ ಕರ್ರ್ ಎಂದು ಕಾರಿನ ಹೊಟ್ಟೆ ಅದರ ಮೇಲೆ ಕೂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆನ್ನಹಿಂದೆ ಊರಿನ ಕಾರುಗಳೆಲ್ಲ ಸಾಲಾಗಿ ನಿಂತವು. ಮುಗಿಯಿತು ನನ್ನ ಕತೆ, ಎಂದುಕೊಂಡಳು.

ಡಾನ್ ಫಿದೆನ್ಸಿಯೊ ಕಾರಿಳಿದು ನಡೆದೇ ಬಂದ. ಕಣ್ಣು ಒದ್ದೆಯಾಗಿತ್ತು.

"ಇಷ್ಟು ವರ್ಷ ನೋಡಿದೀನಿ, ಇಂಥಾ ನಿಧಾನ ನೋಡಿಲ್ಲ! ನಿಮ್ಮಜ್ಜನ ಕೈಲೂ ಆಗಿರ್ಲಿಲ್ಲ. ಕಾರು ಹೋಗ್ತಿದೆಯೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ ಮಿಹಾ!"

ಹೋಗ್ತಾ ಇಲ್ಲ ಎಂಬ ಮಾತು ಹಲ್ಲಿನವರೆಗೆ ಬಂದು ವಾಪಸಾಯಿತು. ಡೆಲ್ಫೀನಾ ತಲೆ ತಗ್ಗಿಸಿದಳು.

"ವಿನಯ ನೋಡಿ, ವಿನಯ!" ಎಂದು ಆತ ಜನರತ್ತ ತಿರುಗಿ ಕೂಗಿದ. "ಇನ್ಮೇಲೆ ಪ್ರತಿ ಭಾನುವಾರ ನಮ್ಮೆಲ್ಲರ ಮುಂದೆ ಇವಳೇ! ಆ ದರಿದ್ರ ಹೊಸ ಎಂಜಿನ್ನಿನ ಚಿಂತೆ ನಿನಗೆ ಬೇಡಮ್ಮ. ಅಜ್ಜನ ಕಾರಲ್ಲಿದ್ದಂಥದ್ದೇ ನನ್ನ ಹಿತ್ತಲಲ್ಲಿದೆ. ನಾಳೆ ಬೆಳಿಗ್ಗೆ ನಾವೇ ಬಂದು ಕೂರಿಸ್ತೀವಿ. ಸ್ಪ್ರಿಂಗೂ ಕತ್ತರಿಸ್ತೀವಿ!"

ಹಾರನ್ನುಗಳು ಮೊಳಗಿದವು. ಅತ್ತೆಯರು ಹಿಂದಿನಿಂದ ಬಾಗಿ ಅವಳ ಕೆನ್ನೆಗೆ ಮುತ್ತಿಟ್ಟರು, ಉಳಿದ ಪೊಸೋಲೆ ಅವಳ ಕತ್ತಿನಿಂದ ಬೆನ್ನಿಗಿಳಿಯಿತು. ಇಗರ್ಜಿಯಾಚೆ ರಸ್ತೆ ಖಾಲಿ ಬಿದ್ದಿತ್ತು, ಕೆಂಪು ಗುಡ್ಡಗಳವರೆಗೂ ನೆಟ್ಟಗೆ. ಅಂಗಾಲಿನ ಕೆಳಗೆ ಎಂಜಿನ್ ಗುರುಗುಟ್ಟುತ್ತಿತ್ತು.

"ಡಾನ್ ಫಿದೆನ್ಸಿಯೊ," ಎಂದಳು ಡೆಲ್ಫೀನಾ. ಕೊನೆಯ ಕಾರಿನವರೆಗೂ ಕೇಳುವಷ್ಟು ಗಟ್ಟಿಯಾಗಿ ಬಂದ ತನ್ನ ದನಿಗೆ ತಾನೇ ಬೆಚ್ಚಿದಳು. ಆದರೂ ನಿಲ್ಲಿಸಲಿಲ್ಲ.

"ನಂಗೆ ಜೋರಾಗಿ ಹೋಗೋದು ಇಷ್ಟ."